ಉಪ್ಪುನೀರಿನ ಮೀನಿನ ತೊಟ್ಟಿ ಇರುವ ಮನೆಯಲ್ಲಿ ಮಕ್ಕಳ ಸುರಕ್ಷತೆ

ಹುಬ್ಬಳ್ಳಿ-ಧಾರವಾಡದಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡ ಮನೆಗಳು ಬಹಳ, ಆದರೆ ಅವುಗಳಲ್ಲಿ ಹೆಚ್ಚಿನವು ಸಿಹಿನೀರಿನವು. ಗೋಲ್ಡ್‌ಫಿಶ್, ಗಪ್ಪಿಗಳನ್ನು ಸಾಕಿದ ಮನೆಯಲ್ಲಿ ಮಗು ತೊಟ್ಟಿಗೆ ಕೈ ಹಾಕಿದರೆ, ನೀರು ಬದಲಿಸುವಾಗ ಬಕೆಟ್ಟಿನ ಪಕ್ಕ ಆಡಿದರೆ ಯಾರೂ ಗಾಬರಿಯಾಗುವುದಿಲ್ಲ. ಅದೇ ರೂಢಿಯನ್ನು ಕಡಲ ಮೀನಿನ ತೊಟ್ಟಿಗೂ ಒಯ್ದಾಗ ತೊಂದರೆ ಶುರುವಾಗುತ್ತದೆ. ಉಪ್ಪುನೀರಿನ ತೊಟ್ಟಿಯಲ್ಲಿ ಯಂತ್ರಗಳು ಹೆಚ್ಚು, ರಾಸಾಯನಿಕಗಳು ಹೆಚ್ಚು, ಚುಚ್ಚುವ ಮತ್ತು ವಿಷವುಳ್ಳ ಜೀವಿಗಳೂ ಹೆಚ್ಚು.

ನನಗೆ ಇದನ್ನು ಮನದಟ್ಟು ಮಾಡಿಸಿದವಳು ನಾಲ್ಕು ವರ್ಷದ ನನ್ನ ಅಣ್ಣನ ಮಗಳು. ಒಂದು ಮಧ್ಯಾಹ್ನ ಅವಳು ನಮ್ಮ ಪಡಸಾಲೆಯ ತೊಟ್ಟಿಯ ಹಿಂದಿನ ಸಂದಿಯಲ್ಲಿ ಕುಳಿತು ಏನನ್ನೋ ಉಗುರಿನಿಂದ ಕೆರೆದು ನೆಕ್ಕುತ್ತಿದ್ದಳು. ಕೇಳಿದರೆ, "ಕಾಕಾ, ಉಪ್ಪು ಐತಿ" ಎಂದಳು. ಗಾಜಿನ ಅಂಚಿನಲ್ಲಿ ಒಣಗಿದ ಉಪ್ಪು ಪಂಪಿನ ವೈರಿನ ಗುಂಟ ಇಳಿದು, ಬಿಳಿಯ ಹೆಪ್ಪಾಗಿ, ನೆಲದ ಮೇಲಿದ್ದ ಎಕ್ಸ್‌ಟೆನ್ಷನ್ ಬೋರ್ಡಿನವರೆಗೂ ಬಂದಿತ್ತು. ಅವಳ ಬೆರಳಿಗೂ ಬೋರ್ಡಿಗೂ ನಡುವೆ ಒಂದು ಗೇಣಿನ ಅಂತರವೂ ಇರಲಿಲ್ಲ. ಆಕೆಯನ್ನು ಎತ್ತಿಕೊಂಡು ಮೇನ್ ಸ್ವಿಚ್ ಆರಿಸಿ ನೋಡಿದಾಗ ಒಂದು ಪ್ಲಗ್ಗಿನ ಪಿನ್ನು ಕಪ್ಪಾಗಿತ್ತು. ತಪ್ಪು ಪೂರ್ತಿಯಾಗಿ ನನ್ನದು. ಮುಂದೆ ಬರೆದಿರುವ ಬಹುಪಾಲು ಸಂಗತಿಗಳು ಆ ದಿನದ ನಂತರ ನಮ್ಮ ಮನೆಯಲ್ಲಿ ಬದಲಾದವು.

ಆದ್ದರಿಂದ ಮೊದಲು ವಿದ್ಯುತ್ತು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಮತ್ತು ಅದು ನಲ್ಲಿಯ ನೀರಿಗಿಂತ ಎಷ್ಟೋ ಪಟ್ಟು ಸಲೀಸಾಗಿ ವಿದ್ಯುತ್ತನ್ನು ಹರಿಯಬಿಡುತ್ತದೆ. ಹೀಟರಿನ ಗಾಜು ಸೀಳಿದರೆ ಅಥವಾ ಪಂಪಿನ ವೈರು ಸವೆದರೆ ಇಡೀ ತೊಟ್ಟಿಯ ನೀರಿನಲ್ಲಿ 230 ವೋಲ್ಟಿನ ಅಪಾಯ ಕಣ್ಣಿಗೆ ಕಾಣದೆ ಕುಳಿತಿರಬಹುದು. ಮನೆಯ ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ ಎಂದು ಹಲವರು ನಿಶ್ಚಿಂತರಾಗುತ್ತಾರೆ. ಎಂಸಿಬಿ ಬೀಳುವುದು ಲೋಡ್ ಹೆಚ್ಚಾದಾಗ ಅಥವಾ ಶಾರ್ಟ್ ಆದಾಗ. ಮನುಷ್ಯನ ಮೈಯೊಳಗೆ ಹರಿದು ಜೀವ ತೆಗೆಯಬಲ್ಲ ಅಲ್ಪ ಪ್ರಮಾಣದ ಸೋರಿಕೆಗೆ ಅದು ಅಲುಗುವುದಿಲ್ಲ. ಆ ಕೆಲಸಕ್ಕೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ವಿದ್ಯುತ್ತಿನ ಸೋರಿಕೆಯನ್ನು ಗುರುತಿಸಿ ತಕ್ಷಣ ಲೈನ್ ಕಡಿಯುವ ಸಾಧನ ಬೇಕು. ತೊಟ್ಟಿಯ ಲೈನಿಗೆ ಅದನ್ನು ಪ್ರತ್ಯೇಕವಾಗಿ ಹಾಕಿಸಿ, ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಲು ಹೇಳಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಕರೆಂಟ್ ಹೋದಾಗ ಮೀನುಗಳು ಸಾಯಬಾರದೆಂದು ನಾವು ಪಂಪುಗಳನ್ನು ಇನ್ವರ್ಟರಿಗೆ ಜೋಡಿಸಿರುತ್ತೇವೆ. ಆರ್‌ಸಿಸಿಬಿ ಇನ್ವರ್ಟರಿನ ಮೊದಲೇ ಇದ್ದರೆ, ಬ್ಯಾಟರಿಯಿಂದ ಬರುವ ವಿದ್ಯುತ್ತಿಗೆ ಅದರ ಕಾವಲು ಇರುವುದಿಲ್ಲ. ಇನ್ವರ್ಟರಿನಿಂದ ಹೊರಬರುವ ಲೈನಿಗೂ ರಕ್ಷಣೆ ಇದೆಯೇ ಎಂಬ ಈ ಒಂದು ಪ್ರಶ್ನೆಯನ್ನು ಎಲೆಕ್ಟ್ರಿಷಿಯನ್‌ಗೆ ತಪ್ಪದೆ ಕೇಳಿ.

ಬೋರ್ಡನ್ನು ನೆಲದಿಂದ ಎತ್ತಿ, ತೊಟ್ಟಿಯ ಕೆಳಗಲ್ಲದೆ ಪಕ್ಕದ ಗೋಡೆಗೆ, ಮಗುವಿನ ಕೈ ಎಟುಕದ ಎತ್ತರದಲ್ಲಿ ಕೂರಿಸಬೇಕು. ಪ್ರತಿ ವೈರು ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಬೇಕು. ಹಾಗಿದ್ದರೆ ವೈರಿನ ಗುಂಟ ಬಂದ ನೀರು ಆ ಜೋತ ಬಾಗಿನಲ್ಲಿಯೇ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಉಪ್ಪಿನ ಹೆಪ್ಪನ್ನು ವಾರಕ್ಕೊಮ್ಮೆ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆ, ಒದ್ದೆ ಬಟ್ಟೆಯಿಂದ ಒರೆಸಿ. ನೀರಿಗೆ ಕೈ ಹಾಕುವ ಮುನ್ನ ಎಲ್ಲ ಯಂತ್ರಗಳ ಪ್ಲಗ್ ತೆಗೆಯುವ ಅಭ್ಯಾಸವನ್ನು ದೊಡ್ಡವರೇ ಬೆಳೆಸಿಕೊಳ್ಳಬೇಕು, ಏಕೆಂದರೆ ಮಕ್ಕಳು ನಮ್ಮ ಮಾತಿಗಿಂತ ನಮ್ಮ ಕೈಯನ್ನು ನೋಡಿ ಕಲಿಯುತ್ತಾರೆ.

ಎರಡನೆಯದು ಭಾರ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಯಲ್ಲಿ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲು, ಮರಳು ಸೇರಿದರೆ ಅದು ಎರಡೂವರೆ ಕ್ವಿಂಟಲ್ ಜೋಳದ ತೂಕಕ್ಕೆ ಬಂದು ನಿಲ್ಲುತ್ತದೆ. ನಮ್ಮ ಹಳೆಯ ಮನೆಗಳ ಪರಸಿ ಕಲ್ಲಿನ ನೆಲ ಸಾಮಾನ್ಯವಾಗಿ ಸಮತಟ್ಟಾಗಿರುವುದಿಲ್ಲವಾದ್ದರಿಂದ, ನೀರು ತುಂಬುವ ಮೊದಲೇ ಮಟ್ಟ ನೋಡಿ, ಸ್ಟ್ಯಾಂಡನ್ನು ಕಬ್ಬಿಣದ ಎಲ್ ಪಟ್ಟಿಗಳಿಂದ ಗೋಡೆಗೆ ಬಿಗಿಸಬೇಕು. ತೊಟ್ಟಿಯ ಪಕ್ಕದಲ್ಲಿ ದಿವಾನವನ್ನಾಗಲಿ ಸ್ಟೂಲನ್ನಾಗಲಿ ಇಡಬೇಡಿ. ಅದು ಮಗುವಿಗೆ ಏಣಿ. ಟಿವಿ ರಿಮೋಟು, ಆಟಿಗೆಗಳನ್ನು ತೊಟ್ಟಿಯ ಮುಚ್ಚಳದ ಮೇಲೆ ಬಚ್ಚಿಡುವ ಅಭ್ಯಾಸವಿದ್ದರೆ ಬಿಡಿ. ಸ್ಟ್ಯಾಂಡಿನ ಬಾಗಿಲಿಗೆ ಬೀಗ ಬೇಕೇ ಬೇಕು. ಮಕ್ಕಳು ತೆರೆದ ಬಾಗಿಲಿನ ಮೇಲೆ ಕಾಲಿಟ್ಟು ಮೇಲೇರಲು ನೋಡುತ್ತಾರೆ.

ಆ ಬಾಗಿಲಿನ ಹಿಂದೆ ಇರುವುದು ಸಂಪ್. ಇಲ್ಲಿ ಸಂಪ್ ಎಂದರೆ ಅಂಗಳದ ನೆಲದೊಳಗಿನದಲ್ಲ, ತೊಟ್ಟಿಯ ನೀರು ಇಳಿದು ಸೋಸಿ ಮೇಲೇರುವ ಕೆಳಗಿನ ಗಾಜಿನ ಪೆಟ್ಟಿಗೆ. ಅಂಬೆಗಾಲಿಡುವ ಕೂಸು ಮುಗ್ಗರಿಸಿ ಮುಖ ಮುಳುಗಿದರೆ ಎರಡು ಇಂಚು ನೀರು ಕೂಡ ಪ್ರಾಣಕ್ಕೆ ಎರವಾಗುತ್ತದೆ, ಮತ್ತು ಅದು ಸದ್ದಿಲ್ಲದೆ ಆಗುತ್ತದೆ. ನಲ್ಲಿಗೆ ನೀರು ಬರುವ ದಿನವನ್ನು ಕಾದು ಡ್ರಮ್ಮು, ಕೊಡಗಳನ್ನು ತುಂಬಿಡುವ ನಮ್ಮ ಊರಿನಲ್ಲಿ ತೆರೆದ ನೀರಿಗೆ ಎಲ್ಲರ ಕಣ್ಣೂ ಒಗ್ಗಿಹೋಗಿದೆ. ಉಪ್ಪು ಕಲಸುವ ಡ್ರಮ್ಮಿಗೆ ತಿರುಗಿಸಿ ಬಿಗಿಯುವ ಮುಚ್ಚಳವಿರಲಿ, ಅದರೊಳಗಿನ ಪಂಪಿನ ಪ್ಲಗ್ಗೂ ಆರ್‌ಸಿಸಿಬಿಯ ಲೈನಿನಲ್ಲೇ ಇರಲಿ. ಉಪ್ಪಿನ ಪುಡಿಯ ಚೀಲವನ್ನೂ ಕಟ್ಟಿ ಎತ್ತರದಲ್ಲಿಡಿ, ಏಕೆಂದರೆ ಸಣ್ಣ ಮಗು ಮುಷ್ಟಿ ತುಂಬ ಉಪ್ಪು ನುಂಗಿದರೆ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರುತ್ತದೆ.

ಇನ್ನು ರಾಸಾಯನಿಕಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಕಲ್ಕ್‌ವಾಸರ್ ಎಂಬ ದೊಡ್ಡ ಹೆಸರಿನ ಸುಣ್ಣದ ತಿಳಿಗೆ. ಹವಳಗಳಿಗೆ ಕ್ಯಾಲ್ಸಿಯಂ ಕೊಡಲು ಬಳಸುವ ಇದು ನಮ್ಮ ಅಜ್ಜಿಯರ ಎಲೆಯ ಸಂಚಿಯಲ್ಲಿದ್ದ ಅದೇ ಸುಣ್ಣ. ಸುಣ್ಣದ ಡಬ್ಬಿಯನ್ನೋ ಪಾಕೀಟನ್ನೋ ಹಿಚುಕಿ ಕಣ್ಣು ಸುಟ್ಟುಕೊಂಡ ಮಕ್ಕಳ ಸಂಗತಿ ನಮ್ಮ ಕಡೆ ಹೊಸದೇನಲ್ಲ. ತಿಳಿಯಾದ ಸುಣ್ಣದ ನೀರಿನ ಪಿಎಚ್ ಸುಮಾರು 12.4 ಇರುತ್ತದೆ, ಬಣ್ಣವಿಲ್ಲ, ನೋಡಲು ಕುಡಿಯುವ ನೀರೇ. ಆದ್ದರಿಂದ ಅದನ್ನು ಎಂದಿಗೂ ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ನೀರು ಪರೀಕ್ಷಿಸುವ ಕಿಟ್ಟಿನ ಪುಟ್ಟ ಸೀಸೆಗಳಲ್ಲಿ ಕೆಲವು ತೀಕ್ಷ್ಣ ಆಮ್ಲ ಅಥವಾ ಕ್ಷಾರದವು; ಅವುಗಳ ಜೊತೆ ಫಾರ್ಮಲಿನ್, ತಾಮ್ರದ ಔಷಧಿಗಳನ್ನೂ ಸ್ಟ್ಯಾಂಡಿನೊಳಗಲ್ಲ, ಬೀಗದ ಕಪಾಟಿನಲ್ಲಿಡಿ. ಕಣ್ಣಿಗೆ ಸಿಡಿದರೆ ತಡಮಾಡದೆ, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಚರಿಗೆಯಿಂದಲೋ ನಲ್ಲಿಯಿಂದಲೋ ಶುದ್ಧ ನೀರನ್ನು ಕನಿಷ್ಠ 20 ನಿಮಿಷ ಬಿಡದೆ ಹರಿಸಿ, ನಂತರ ಆಸ್ಪತ್ರೆಗೆ ಹೋಗಿ. ಮಗು ಎಷ್ಟು ಅತ್ತರೂ ನಡುವೆ ನಿಲ್ಲಿಸಬಾರದು. ನುಂಗಿದ್ದರೆ ವಾಂತಿ ಮಾಡಿಸಬಾರದು, ಸುಣ್ಣಕ್ಕೆ ಹುಳಿ ಮದ್ದೆಂದು ಲಿಂಬೆರಸ ಕುಡಿಸಲೂಬಾರದು. ಬಾಯಿ ತೊಳೆಸಿ, ಬಾಟಲಿಯನ್ನು ಜೊತೆಗೆ ತೆಗೆದುಕೊಂಡು ಹೊರಡಬೇಕು.

ತೊಟ್ಟಿಯೊಳಗಿನ ಕಲ್ಲುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ತೊಟ್ಟಿ ಮಾರುವವರಲ್ಲಿ ಇದನ್ನು ಹೇಳುವವರು ವಿರಳ. ಆ ಕಲ್ಲುಗಳ ಮೇಲೆ ಅಂಗಿಯ ಗುಂಡಿಗಳಂತೆ ಗುಂಪಾಗಿ ಅರಳುವ ಪ್ಯಾಲಿಥೋವಾ ಮತ್ತು ಅದರ ಬಳಗದ ಜೀವಿಗಳು ನೋಡಲು ಬಹಳ ಚಂದ. ಅವುಗಳಲ್ಲಿ ಕೆಲವುದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷವಿರುತ್ತದೆ. ಹವಾಯಿಯ ಸಂಶೋಧಕರು 1971ರಲ್ಲಿ ಬೇರ್ಪಡಿಸಿ ತೋರಿಸಿದ ಇದು ನಿಸರ್ಗದಲ್ಲಿ ಸಿಗುವ ಅತ್ಯಂತ ಪ್ರಬಲ ವಿಷಗಳಲ್ಲಿ ಒಂದು, ಮತ್ತು ಇದಕ್ಕೆ ಪ್ರತಿವಿಷವಿಲ್ಲ. ತನ್ನ ಪಾಡಿಗೆ ನೀರಿನೊಳಗಿದ್ದಾಗ ಆ ಜೀವಿ ಮನೆಯವರಿಗೆ ತೊಂದರೆ ಕೊಡುವುದು ಅಪರೂಪ. ಅಪಾಯ ಬರುವುದು ನಾವು ಕಲ್ಲನ್ನು ಹೊರತೆಗೆದು ಉಜ್ಜಿದಾಗ, ಕತ್ತರಿಸಿದಾಗ, ಕುದಿಸಿದಾಗ. ಬೇಡದ ಜೀವಿಗಳನ್ನು ಕೊಲ್ಲಲು ಕಲ್ಲನ್ನು ಬಚ್ಚಲಿಗೆ ಒಯ್ದು ಹಂಡೆಯ ಬಿಸಿನೀರು ಸುರಿಯುವುದು ನಮ್ಮಲ್ಲಿ ಯಾರಿಗಾದರೂ ಸಹಜವಾಗಿ ಹೊಳೆಯುವ ಉಪಾಯ, ಆದರೆ ಆ ಉಗಿಯಲ್ಲಿ ಸೇರಿದ ವಿಷ ಬಾಗಿಲ ಸಂದಿನಿಂದ ಮನೆಯೆಲ್ಲ ಹರಡಿ, ಪಕ್ಕದ ಕೋಣೆಯಲ್ಲಿ ಮಲಗಿದ ಕೂಸಿನ ಉಸಿರಿಗೂ ಸೇರಬಹುದು. ಬಾಯಿ ಕಹಿಯಾಗುವುದು, ಕೆಮ್ಮು, ಏದುಸಿರು, ಚಳಿಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಇದರ ಲಕ್ಷಣಗಳು. ಕೆಲವು ಗಂಟೆ ತಡವಾಗಿಯೂ ಕಾಣಿಸಿಕೊಳ್ಳಬಹುದು. ಕಿಟಕಿ ತೆರೆದು ಎಲ್ಲರೂ ಹೊರಗೆ ಬಂದು, ಆಸ್ಪತ್ರೆಯಲ್ಲಿ "ಪ್ಯಾಲಿಟಾಕ್ಸಿನ್ ಇರಬಹುದು" ಎಂದು ಆ ಪದವನ್ನೇ ಬಳಸಿ ಹೇಳಿ. ಇಲ್ಲವಾದರೆ ಅದು ಸಾದಾ ಫ್ಲೂ ಎಂದು ತೋರುತ್ತದೆ. ಸಣ್ಣ ಮಕ್ಕಳಿರುವ ಮನೆಗೆ ಈ ಜೀವಿಗಳು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಕಾರವಾರ, ಗೋಕರ್ಣಕ್ಕೆ ಹೋದಾಗ ಕಡಲತೀರದಿಂದ ಜೀವಿಗಳು ಅಂಟಿಕೊಂಡ ಕಲ್ಲು, ಚಿಪ್ಪು ತಂದು ತೊಟ್ಟಿಗೆ ಹಾಕುವವರೂ ಇದ್ದಾರೆ. ಗಟ್ಟಿ ಹವಳಗಳು ಮತ್ತು ಕಡಲಕುದುರೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಅವನ್ನು ಕಿತ್ತು ತರುವುದು ಅಪರಾಧ. ಶಂಕುವಿನ ಆಕಾರದ ಚಿಪ್ಪಿನೊಳಗೆ ಜೀವವಿದ್ದರೆ ಅದು ವಿಷದ ಮುಳ್ಳಿನಿಂದ ಚುಚ್ಚಬಲ್ಲದು. ಅದನ್ನು ಮಕ್ಕಳು ಕೈಯಿಂದ ಎತ್ತಲೇಬಾರದು.

ಮೀನುಗಳನ್ನು ಆರಿಸುವಾಗಲೇ ಅರ್ಧ ಅಪಾಯ ಕಳೆಯುತ್ತದೆ. ಲಯನ್‌ಫಿಶ್, ಫಾಕ್ಸ್‌ಫೇಸ್, ಉದ್ದ ಮುಳ್ಳಿನ ಕಡಲ ಮುಳ್ಳುಚೆಂಡು ಇವು ಮಕ್ಕಳು ಶಾಲೆಯ ಮೇಲಿನ ತರಗತಿಗಳಿಗೆ ಬರುವವರೆಗೆ ಕಾಯಲಿ. ವಿಷಮುಳ್ಳಿನ ಮೀನು ಚುಚ್ಚಿದರೆ ನೋವು ತಡೆಯಲಾರದಷ್ಟಿರುತ್ತದೆ. ಆ ಭಾಗವನ್ನು 40ರಿಂದ 45 ಡಿಗ್ರಿಯ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಇಡುವುದು ಸರಿಯಾದ ಪ್ರಥಮ ಚಿಕಿತ್ಸೆ. ನೋವಿನಲ್ಲಿರುವ ಮಗುವಿಗೆ ನೀರು ಸುಡುವುದು ತಿಳಿಯದೆ ಹೋಗಬಹುದು, ಆದ್ದರಿಂದ ದೊಡ್ಡವರೇ ಕೈ ಅದ್ದಿ ನೋಡಬೇಕು, ಜೊತೆಗೇ ಆಸ್ಪತ್ರೆಗೆ ಹೊರಡುವ ಸಿದ್ಧತೆ ನಡೆಸಬೇಕು. ಕಲ್ಲಿನ ಸಂದಿಯ ಬಿರುಗೂದಲ ಹುಳ ತಾಕಿದರೆ ಉಜ್ಜದೆ, ಅಂಟುಪಟ್ಟಿ ಒತ್ತಿ ಎಳೆದು ಕೂದಲು ತೆಗೆಯಿರಿ.

ಕೈಯಲ್ಲಿ ಗಾಯವಿರುವ ಮಗು ತೊಟ್ಟಿಯ ನೀರು ಮುಟ್ಟಬಾರದು. ಮೈಕೋಬ್ಯಾಕ್ಟೀರಿಯಂ ಮ್ಯಾರಿನಮ್ ಎಂಬ ರೋಗಾಣು ಗಾಯದ ಮೂಲಕ ಒಳಹೊಕ್ಕರೆ ಕೆಲವು ವಾರಗಳ ನಂತರ ಮಾಯದ ಗಂಟಾಗಿ ಏಳುತ್ತದೆ, ತಿಂಗಳುಗಟ್ಟಲೆ ಔಷಧ ಬೇಕಾಗಬಹುದು. ಮನೆಯಲ್ಲಿ ತೊಟ್ಟಿ ಇದೆಯೆಂದು ವೈದ್ಯರಿಗೆ ನೀವಾಗಿಯೇ ಹೇಳಿ. ಪೈಪನ್ನು ಬಾಯಿಯಿಂದ ಎಳೆದು ನೀರು ಇಳಿಸುವುದನ್ನು ಮಕ್ಕಳ ಮುಂದೆ ಮಾಡಬೇಡಿ, ಹಿಂದೆಯೂ ಬೇಡ. ಗಾಜು ಒರೆಸುವ ಬಲವಾದ ಅಯಸ್ಕಾಂತಗಳು ಬೆರಳನ್ನು ಜಜ್ಜುತ್ತವೆ. ಡಿಜಿಟಲ್ ಥರ್ಮಾಮೀಟರಿನ ಗುಂಡಿ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಅದಕ್ಕೆ ಮನೆಮದ್ದು ನೋಡುತ್ತ ಕೂರಬಾರದು.

ಇಷ್ಟೆಲ್ಲ ಬೇಡಗಳ ನಡುವೆ ಮಕ್ಕಳಿಗೊಂದು ಕೆಲಸ ಕೊಡಲೇಬೇಕು, ಇಲ್ಲದಿದ್ದರೆ ಅವರು ತಾವೇ ಹುಡುಕಿಕೊಳ್ಳುತ್ತಾರೆ. ನಮ್ಮಲ್ಲಿ ಅಣ್ಣನ ಮಗಳು ನಾನು ಅಳೆದಿಟ್ಟ ಆಹಾರವನ್ನು ಉದ್ದ ಹಿಡಿಕೆಯ ಚಮಚದಿಂದ ನನ್ನ ತೋಳಿನ ಮೇಲೆ ಕುಳಿತು ಹಾಕುತ್ತಾಳೆ, ನಂತರ ಸಾಬೂನಿನಿಂದ ಕೈ ತೊಳೆಯುತ್ತಾಳೆ.

ಕೊನೆಯದಾಗಿ ಒಂದು ಹಾಳೆ. ಸ್ಟ್ಯಾಂಡಿನ ಬಾಗಿಲಿಗೆ ದಪ್ಪ ಕನ್ನಡ ಅಕ್ಷರಗಳಲ್ಲಿ ತೊಟ್ಟಿಯಲ್ಲಿರುವ ಜೀವಿಗಳ ಹೆಸರು, ಕಪಾಟಿನಲ್ಲಿರುವ ರಾಸಾಯನಿಕಗಳ ಹೆಸರು, ಆಂಬುಲೆನ್ಸಿಗೆ 108, ವಿಷದ ಬಗ್ಗೆ ಕೇಳಲು ದೆಹಲಿಯ ಏಮ್ಸ್‌ನ ಉಚಿತ ಸಂಖ್ಯೆ 1800 116 117 ಬರೆದು ಅಂಟಿಸಿ. ಮಧ್ಯಾಹ್ನ ಮನೆಯಲ್ಲಿ ಮಗುವಿನೊಂದಿಗೆ ಒಬ್ಬರೇ ಇರುವ ಹಿರಿಯರಿಗೆ ಅದನ್ನು ಓದಿ ತೋರಿಸಿ. ತೊಟ್ಟಿಯ ಸ್ವಿಚ್ಚಿಗೆ ಕೆಂಪು ಬಣ್ಣ ಹಚ್ಚಿ, ಮಗು ತೊಟ್ಟಿಗೆ ಅಂಟಿಕೊಂಡಂತೆ ಕಂಡರೆ ಮೊದಲು ಅದನ್ನು ಹಿಡಿದೆಳೆಯದೆ ಸ್ವಿಚ್ ಆರಿಸಬೇಕೆಂದು ಹೇಳಿ. ನಮ್ಮ ಅವ್ವನಿಗೆ ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಅಡುಗೆಮನೆಯಿಂದ ಆ ಸ್ವಿಚ್ಚಿನವರೆಗೆ ನಾಲ್ಕೈದು ಸಲ ನಡೆಸಿ, ಆಕೆಯ ಕೈಯಿಂದಲೇ ಆರಿಸಿಸಿದೆ.