ಎಂಜಿಬಿಯ ಜೋಡಿ ಎಸ್‌ಯು ಕಾರ್ಬುರೇಟರ್‌ಗಳನ್ನು ಸರಿಹೊಂದಿಸಿದ್ದು
ನನ್ನ ಎಂಜಿಬಿ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು; ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಅದಕ್ಕೆ ಎರಡು, ಎಸ್‌ಯು ಕಂಪನಿಯವು. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್, ಅಂದರೆ ಕಾರು ನಿಂತಾಗಿನ ಎಂಜಿನ್ ವೇಗ, ಏರಿಳಿಯುತ್ತಿತ್ತು. ಮುಂದಿನೆರಡು ಸ್ಪಾರ್ಕ್ ಪ್ಲಗ್‌ಗಳಿಗೆ ಮಸಿ, ಹಿಂದಿನವು ಬಿಳಿಚಿದ್ದವು. ಇಂಗ್ಲೆಂಡಿನ ಅಬಿಂಗ್ಡನ್ನಿನ ದಾರಿಯುದ್ದಕ್ಕೂ ಗೆಳೆಯನ ಟ್ರಯಂಫ್ ಟಿಆರ್6 ಕಾರು ಮುಂದೆ ಹೋಗಿ ಕಾಯುತ್ತಿತ್ತು. ಕಿಡಿ ಹೊತ್ತಿಸುವ ಭಾಗಗಳಾದ ಪ್ಲಗ್, ಪಾಯಿಂಟ್, ಕಂಡೆನ್ಸರ್ ಬದಲಾಯಿಸಿದ್ದು ದಂಡ; ಸರಿಹೊಂದಿಸಬೇಕಾದ್ದು ಕಾರ್ಬುರೇಟರ್‌ಗಳನ್ನು.

ಕಾರ್ಬುರೇಟರ್‌ಗಳ ಸದ್ದು ಕೇಳಲು ರಬ್ಬರ್ ಕೊಳವೆ ಕೊಟ್ಟವನು ಅದೇ ಟ್ರಯಂಫಿನವನು. ಅವನ ಕಾರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್, ಕಾರ್ಬುರೇಟರೇ ಇಲ್ಲ!

ಒಂದೊಂದನ್ನೂ ಬೇರೆಬೇರೆಯಾಗಿ ಹೊಂದಿಸಲು, ಮೊದಲು ಎರಡೂ ಕಾರ್ಬುರೇಟರ್‌ಗಳನ್ನು ಜೋಡಿಸುವ ಕಡ್ಡಿಯ ಕ್ಲ್ಯಾಂಪ್‌ಗಳನ್ನು ಸಡಿಲಿಸಬೇಕು. ಮೊದಲ ಸಲ ನಾನು ಮಾಡದೆ ಬಿಟ್ಟಿದ್ದು ಇದನ್ನೇ. ಪೆಟ್ರೋಲ್ ಬರುವ ಜೆಟ್‌ಗಳನ್ನು ಬ್ರಿಡ್ಜ್ (ಪಿಸ್ಟನ್ನಿನ ಕೆಳಗಿನ ದಿಬ್ಬ) ಮಟ್ಟಕ್ಕೆ ತಂದು, ಜೆಟ್ ಹೊಂದಿಸುವ ನಟ್ಟನ್ನು ಎರಡು ಪೂರ್ತಿ ಸುತ್ತು, ಅಂದರೆ ಆರು ಮುಖದ ನಟ್ಟಿನ 12 ಮುಖ, ಕೆಳಗಿಳಿಸಿದೆ. ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ: ಎರಡೂ ಗಾಳಿ ಎಳೆಯುವ ಸುಯ್ಲು ಒಂದೇ ಆಗುವವರೆಗೆ ಐಡಲ್ ಸ್ಕ್ರೂ ತಿರುಗಿಸಿದೆ. ಬಳಿಕ ಒಂದೊಂದು ಕಾರ್ಬುರೇಟರಿನೊಳಗಿನ ಪಿಸ್ಟನ್ನನ್ನೂ 0.8 ಮಿ.ಮೀ. ಎತ್ತಿ ನೋಡಿದೆ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು, ಎಂಜಿನ್ ಆರುವಂತಾದರೆ ಕಡಿಮೆ, ಕ್ಷಣ ಏರಿ ಇಳಿದರೆ ಸರಿ. ಕ್ಲ್ಯಾಂಪ್ ಬಿಗಿಯುವುದು ಕಟ್ಟಕಡೆಗೆ.