ಆರ್ಕಿಡ್ ಕುಂಡಕ್ಕೆ ಏನು ತುಂಬಬೇಕು?

ಮೊದಲನೇ ಮಾತು, ಮಣ್ಣು ಬೇಡ. ಗುಲಾಬಿಗೆ ಹಾಕುವ ಕೆಂಪು ಮಣ್ಣು, ಸಗಣಿ ಗೊಬ್ಬರವನ್ನೇ ಆರ್ಕಿಡ್ ಜಾತಿಗಳಾದ ಫೆಲನಾಪ್ಸಿಸ್‌ಗೋ ಡೆಂಡ್ರೋಬಿಯಂಗೋ ತುಂಬಿದರೆ ಬೇರು ಕೊಳೆತು ಗಿಡ ಹೋಗುತ್ತದೆ. ಮಲೆನಾಡಿನ ಕಡೆ ಮಳೆಗಾಲದ ಶುರುವಿನಲ್ಲಿ ಮರದ ಮೇಲೆ ಸೀತಾಳೆ ದಂಡೆ (ಅದೂ ಒಂದು ಕಾಡು ಆರ್ಕಿಡ್ಡೇ) ಜೋತಾಡುವುದನ್ನು ನೋಡಿರುತ್ತೀರಿ ಅಲ್ವಾ? ಅದರ ಬೇರು ತೊಗಟೆ ಹಿಡಿದುಕೊಂಡು ಗಾಳಿಯಲ್ಲೇ ಇರುತ್ತದೆ, ಎಷ್ಟೇ ನೆನೆದರೂ ಮಳೆ ಬಿಟ್ಟ ಮೇಲೆ ಬೇಗ ಆರುತ್ತದೆ. ನಾವು ಕುಂಡದಲ್ಲಿ ಮಾಡಬೇಕಾದ್ದೂ ಇಷ್ಟೇ: ನೀರು ತಾಗಬೇಕು, ಹರಿದು ಹೋಗಬೇಕು, ಗಾಳಿ ಆಡಬೇಕು.

ಹಾಗಾಗಿ ಯಾವ ಮಿಶ್ರಣ ಒಳ್ಳೆಯದು ಅಂತ ಕೇಳುವ ಮೊದಲು, ನಿಮ್ಮ ಮನೆಯಲ್ಲಿ ಕುಂಡ ಎಷ್ಟು ದಿನಕ್ಕೆ ಒಣಗುತ್ತದೆ ನೋಡಿ. ಮಂಗಳೂರಿನ ಜುಲೈ ತಿಂಗಳಿಗೂ ಬೆಂಗಳೂರಿನ ಮಾರ್ಚ್‌ಗೂ ಒಂದೇ ಅಳತೆ ನಡೆಯುವುದಿಲ್ಲ.

ಕರಾವಳಿ, ಮಲೆನಾಡಿನವರು ಇದ್ದಿಲು ಮತ್ತು ಹೆಂಚು ಅಥವಾ ಇಟ್ಟಿಗೆ ಚೂರನ್ನು ಸಮಸಮ ಹಾಕಿ, ಸಾಕು. ಬೇಕಿದ್ದರೆ ಒಂದು ಹಿಡಿ ತೆಂಗಿನ ಸಿಪ್ಪೆಯ ತುಂಡು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಒಣ ಹವೆಯ ಕಡೆಯವರಿಗೆ ಸ್ವಲ್ಪ ತೇವ ಹಿಡಿಯುವ ವಸ್ತು ಬೇಕು. ಎರಡು ಪಾಲು ಪೈನ್ ತೊಗಟೆ ಅಥವಾ ತೆಂಗಿನ ಸಿಪ್ಪೆ ತುಂಡು, ಒಂದು ಪಾಲು ಇದ್ದಿಲು, ಮೇಲೆ ಒಂದಿಷ್ಟು ಸ್ಫ್ಯಾಗ್ನಮ್ ಪಾಚಿ. ಪಾಚಿಯನ್ನು ಒತ್ತಿ ತುಂಬಬೇಡಿ, ಒತ್ತಿದರೆ ಗಾಳಿಯೇ ಹೋಗುವುದಿಲ್ಲ. ಕೋಕೋಪೀಟ್ ಅನ್ನುವ ತೆಂಗಿನ ಸಿಪ್ಪೆಯ ಪುಡಿಯನ್ನಂತೂ ದೂರ ಇಡಿ, ಅದು ನೀರು ಹಿಡಿದು ಕೆಸರಿನ ಹಾಗೆ ಕೂರುತ್ತದೆ.

ತೆಂಗಿನ ಸಿಪ್ಪೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ನೇರವಾಗಿ ಕುಂಡಕ್ಕೆ ಹಾಕಬಾರದು. ಅದರಲ್ಲಿ ಉಪ್ಪಿನಂಶ ಇರುತ್ತದೆ, ಬೇರಿನ ತುದಿ ಸುಟ್ಟು ಹೋಗುತ್ತದೆ. ಒಣಗಿದ ಸಿಪ್ಪೆಯನ್ನು ಹೆಬ್ಬೆರಳಿನ ಗಾತ್ರಕ್ಕೆ ಕತ್ತರಿಸಿ, ಬಕೆಟ್ ನೀರಲ್ಲಿ ಮುಳುಗಿಸಿ ದಿನಾ ನೀರು ಚೆಲ್ಲಿ ಹೊಸ ನೀರು ಹಾಕುತ್ತಾ ಇರಿ. ಮೊದಲು ಚಹಾ ಡಿಕಾಕ್ಷನ್ ಬಣ್ಣದ ನೀರು ಬರುತ್ತದೆ, ಅದು ತಿಳಿಯಾಗುವವರೆಗೂ ಬಿಡಬೇಡಿ. ಇದ್ದಿಲು ಮರದ್ದೇ ಆಗಿರಲಿ, ಪುಡಿ ಸೇರಿಸಿ ಒತ್ತಿ ಮಾಡಿದ ಬಾರ್ಬೆಕ್ಯೂ ಉಂಡೆ ಬೇಡ. ಇಟ್ಟಿಗೆ, ಇದ್ದಿಲು ಎರಡನ್ನೂ ಜರಡಿ ಹಿಡಿದು ತೊಳೆಯಿರಿ, ಯಾಕೆಂದರೆ ದೂಳೆಲ್ಲ ತಳಕ್ಕೆ ಇಳಿದು ತೂತು ಮುಚ್ಚಿಬಿಡುತ್ತದೆ.

ತುಂಡಿನ ಗಾತ್ರ ಬೇರು ನೋಡಿ ನಿರ್ಧರಿಸಿ. ಫೆಲನಾಪ್ಸಿಸ್‌ನ ದಪ್ಪ ಬೇರಿಗೆ ಸುಮಾರು 2 ಸೆಂ.ಮೀ. ತುಂಡು, ಆನ್ಸಿಡಿಯಂನ ಸಣ್ಣ ಬೇರಿಗೆ 1 ಸೆಂ.ಮೀ. ಒಳಗೆ. ವಾಂಡಾಕ್ಕೆ ಏನೂ ಬೇಡ, ಮರದ ಬುಟ್ಟಿಯಲ್ಲಿ ಸುಮ್ನೆ ನೇತು ಹಾಕಿ, ಬೇಸಿಗೆಯಲ್ಲಿ ದಿನಾ ನೀರು ಕೊಡಿ. ನೆಲದಲ್ಲಿ ಬೆಳೆಯುವ ಸ್ಪ್ಯಾಥೊಗ್ಲಾಟಿಸ್ ಮಾತ್ರ ಬೇರೆ, ಅದಕ್ಕೆ ಮರಳು, ಎಲೆಗೊಬ್ಬರ ಬೆರೆಸಿದ ಸಡಿಲ ಮಣ್ಣು ಆಗುತ್ತದೆ.

ನರ್ಸರಿಯಿಂದ ತಂದ ಫೆಲನಾಪ್ಸಿಸ್ ಇದ್ದರೆ ಹೂವು ಮುಗಿದ ಮೇಲೆ ಕುಂಡದಿಂದ ತೆಗೆದು ನೋಡಿ. ನಡುವೆ ಪಾಚಿಯ ಬಿಗಿ ಉಂಡೆ ಇರುವುದು ಜಾಸ್ತಿ. ಮೇಲೆ ಒಣಗಿದ್ದರೂ ಆ ಉಂಡೆ ಒದ್ದೆಯಾಗೇ ಇರುತ್ತದೆ, ಕೊಳೆ ಶುರುವಾಗುವುದೇ ಅಲ್ಲಿಂದ. ಮೆಲ್ಲಗೆ ಬಿಡಿಸಿ ತೆಗೆಯಿರಿ. ಒಳ್ಳೆಯ ಬೇರು ಒಣಗಿದಾಗ ಬೆಳ್ಳಿ ಬಣ್ಣ, ನೀರು ಬಿದ್ದರೆ ಹಸಿರು, ಮುಟ್ಟಿದರೆ ಗಟ್ಟಿ. ಕೊಳೆತದ್ದನ್ನು ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುತ್ತದೆ, ಅಂಥದ್ದನ್ನೆಲ್ಲ ಶುಚಿಯಾದ ಕತ್ತರಿಯಿಂದ ತೆಗೆದುಬಿಡಿ. ಹೊಸ ಕುಂಡ ಬೇರಿನ ಗುಂಪು ಹಿಡಿಸುವಷ್ಟೇ ಇರಲಿ, ಪಕ್ಕದಲ್ಲೂ ತೂತಿದ್ದರೆ ಇನ್ನೂ ಒಳ್ಳೆಯದು.

ಇದ್ದಿಲು, ಇಟ್ಟಿಗೆಯಲ್ಲಿ ಗಿಡಕ್ಕೆ ಆಹಾರ ಇಲ್ಲ. ಬೆಳೆಯುವ ಕಾಲದಲ್ಲಿ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಸಮ ಇರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರಿಗೆ ಅರ್ಧ ಗ್ರಾಂನಷ್ಟು ತೆಳುವಾಗಿ ಕಲಸಿ ವಾರಕ್ಕೊಮ್ಮೆ ಕೊಡಿ, ನಡುನಡುವೆ ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ. ತೊಗಟೆ, ಸಿಪ್ಪೆ ಎರಡು ವರ್ಷದ ಹೊತ್ತಿಗೆ ಮೆತ್ತಗಾಗುತ್ತವೆ. ಬೆರಳಲ್ಲಿ ಒತ್ತಿದಾಗ ಪುಡಿಯಾದರೆ, ಹೊಸ ಬೇರು ಚಿಗುರುವ ಸಮಯ ನೋಡಿ ಬದಲಾಯಿಸಿ.