ತಿರುಗಬಾರದ ಮೊಟ್ಟೆಗಳು: ಲಿಟಲ್ ಅಂಡಮಾನ್ ದಂಡೆಯಲ್ಲಿ ನನ್ನ ಅನುಭವ

ಹೊನ್ನಾವರದ ಕಾಸರಕೋಡಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳ ಗೂಡು ಕಾಯುತ್ತ ಈ ಕೆಲಸ ಕಲಿತ ನನಗೆ, ಲಿಟಲ್ ಅಂಡಮಾನ್ ದ್ವೀಪದ ಸೌತ್ ಬೇ ದಂಡೆಯಲ್ಲಿ ಮೊದಲ ರಾತ್ರಿ ಕಂಡ ಜಾಡು ಆಮೆಯದೆಂದು ನಂಬುವುದೇ ಕಷ್ಟವಾಯಿತು. ರಿಡ್ಲೆಯ ಜಾಡು ಮೂರು ಗೇಣಿನಷ್ಟು ಅಗಲವಿರುತ್ತದೆ. ಇದರ ಮೇಲೆ ನಾನು ಅಡ್ಡಲಾಗಿ ಮಲಗಬಹುದಿತ್ತು. ಅದು ಲೆದರ್‌ಬ್ಯಾಕ್ ಕಡಲಾಮೆಯ ಜಾಡು. ಜಗತ್ತಿನ ಆಮೆಗಳಲ್ಲೆಲ್ಲ ದೊಡ್ಡದಾದ ಇದಕ್ಕೆ ಗಟ್ಟಿ ಚಿಪ್ಪಿಲ್ಲ, ತೊಗಲಿನಂಥ ಕಪ್ಪು ಬೆನ್ನಿನ ಮೇಲೆ ಉದ್ದಕ್ಕೂ ಏಳು ಏಣುಗಳಿರುತ್ತವೆ. ಭಾರತದಲ್ಲಿ ಇದು ದೊಡ್ಡ ಸಂಖ್ಯೆಯಲ್ಲಿ ಮೊಟ್ಟೆಯಿಡುವುದು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ಮಾತ್ರ.

ಮೊದಲು ಎಲ್ಲರ ಗಮನವಿದ್ದದ್ದು ಗ್ರೇಟ್ ನಿಕೋಬಾರಿನ ಗಲತಿಯಾ ಕೊಲ್ಲಿಯ ಮೇಲೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಆ ದ್ವೀಪದ ನೆಲವೇ ಕುಸಿದು ಗೂಡುಕಟ್ಟುವ ದಂಡೆ ನೀರಿನ ಪಾಲಾಯಿತು. ಕೆಲವು ವರ್ಷಗಳಲ್ಲಿ ಕಡಲು ಮತ್ತೆ ಮರಳು ತಂದು ಹಾಕಿತು, ಆಮೆಗಳೂ ಮರಳಿ ಬಂದವು. ಹೀಗೆ ತಾನೇ ಚೇತರಿಸಿಕೊಂಡ ಕೊಲ್ಲಿಗೆ ಇದ್ದ ಅಭಯಾರಣ್ಯದ ಸ್ಥಾನಮಾನವನ್ನು 2021ರಲ್ಲಿ ಬಂದರಿಗಾಗಿ ತೆಗೆದುಹಾಕಿದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ. ಲಿಟಲ್ ಅಂಡಮಾನಿನಲ್ಲಿ ಆಮೆಗಳ ದೀರ್ಘಕಾಲದ ನಿಗಾ ಆರಂಭವಾದದ್ದು ಸುನಾಮಿಯ ನಂತರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ದಕ್ಷಿಣ್ ಫೌಂಡೇಶನ್ ಎಂಬ ಸಂರಕ್ಷಣಾ ಸಂಸ್ಥೆ ಇದರ ಹಿಂದಿವೆ. ಇಲ್ಲಿ ಉಪಗ್ರಹ ಟ್ಯಾಗ್ ಹಾಕಿಸಿಕೊಂಡ ಆಮೆಗಳಲ್ಲಿ ಕೆಲವು ಆಸ್ಟ್ರೇಲಿಯಾದ ಕಡೆಗೆ, ಕೆಲವು ಆಫ್ರಿಕಾದ ಕಡೆಗೆ ಈಜಿದವು.

ನಮ್ಮ ಕೆಲಸ ಡಿಸೆಂಬರಿನಿಂದ ಮಾರ್ಚಿನವರೆಗೆ, ಪೂರ್ತಿ ರಾತ್ರಿಯದು. ಬಿಳಿ ಟಾರ್ಚ್ ಹಚ್ಚುವಂತಿಲ್ಲ. ಕೆಂಪು ಬೆಳಕನ್ನೂ ಆಮೆಯ ಹಿಂಬದಿಯಿಂದ ಮಾತ್ರ ಬಳಸುತ್ತೇವೆ. ಮೇಲೆ ಬಂದ ಆಮೆ ಮೊದಲು ಮೈ ಹೂಳುವಷ್ಟು ಗುಂಡಿ ತೋಡಿ, ಬಳಿಕ ಹಿಂಗಾಲುಗಳನ್ನು ಒಂದಾದ ಮೇಲೊಂದರಂತೆ ಬೊಗಸೆ ಮಾಡಿ ಮರಳೆತ್ತುತ್ತದೆ. ಆ ಹೊತ್ತಿನಲ್ಲಿ ಹತ್ತಿರ ಹೋದರೆ ತಿರುಗಿ ಹೊರಟುಬಿಡುತ್ತದೆ. ಮೊಟ್ಟೆ ಉದುರತೊಡಗಿದ ಮೇಲೆ ಮಾತ್ರ ಅದಕ್ಕೆ ಸುತ್ತಲಿನ ಪರಿವೆ ಅಷ್ಟಾಗಿ ಇರುವುದಿಲ್ಲ. ಬೆನ್ನಿನ ಉದ್ದಗಲ ಅಳೆಯುವುದು, ಭುಜದಲ್ಲಿ ಅಕ್ಕಿಕಾಳಿನಷ್ಟಿರುವ ಪಿಟ್ ಟ್ಯಾಗ್ (ಆಮೆಯನ್ನು ಗುರುತಿಸಲು ಚರ್ಮದೊಳಗೆ ಸೇರಿಸುವ ಚಿಪ್) ಇದೆಯೇ ಎಂದು ರೀಡರ್ ಹಿಡಿದು ನೋಡುವುದು ಎಲ್ಲವೂ ಆಗಲೇ. ಕಣ್ಣಿಂದ ಲೋಳೆಯಂಥ ಉಪ್ಪುನೀರು ಸುರಿಯುತ್ತಿರುತ್ತದೆ. ಅದು ದೇಹದ ಹೆಚ್ಚಿನ ಉಪ್ಪನ್ನು ಹೊರಹಾಕುವ ಕ್ರಮವೆಂದು ಗೊತ್ತಿದ್ದರೂ, ಅಷ್ಟು ಹತ್ತಿರದಿಂದ ಅದರ ಉಸಿರಿನ ಭಾರವನ್ನು ಕೇಳುವಾಗ ನಾನು ಪ್ರತಿಸಲವೂ ಮೌನವಾಗುತ್ತೇನೆ.

ಎರಡನೇ ವರ್ಷ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಉಬ್ಬರದ ಗೆರೆಗಿಂತ ಕೆಳಗಿದ್ದ ಗೂಡೊಂದನ್ನು ಮೇಲಕ್ಕೆ ಸ್ಥಳಾಂತರಿಸಬೇಕಿತ್ತು. ದಣಿದಿದ್ದ ನಾನು ಬೆಳಗಾಗಲೆಂದು ಬಿಟ್ಟು, ಬಿಸಿಲೇರಿದ ಮೇಲೆ ಮೊಟ್ಟೆಗಳನ್ನು ಬಕೆಟ್ಟಿಗೆ ತುಂಬಿ ಒಯ್ದು ಹೂಳಿದೆ. ಎರಡು ತಿಂಗಳ ನಂತರ ಆ ಗೂಡನ್ನು ಬಗೆದು ನೋಡಿದಾಗ ಒಂದು ಮರಿಯೂ ಹೊರಬಂದಿರಲಿಲ್ಲ. ಮೊಟ್ಟೆಯಿಟ್ಟ ಕೆಲವು ಗಂಟೆಗಳಲ್ಲೇ ಭ್ರೂಣವು ಮೊಟ್ಟೆಯ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳತೊಡಗುತ್ತದೆ. ಆ ಬಳಿಕ ಮೊಟ್ಟೆ ಉರುಳಿದರೆ ಆ ಅಂಟು ಹರಿದು ಭ್ರೂಣ ಸಾಯುತ್ತದೆ. ನಮ್ಮ ತಂಡದ ಹಿರಿಯರೊಬ್ಬರು, ಮಧ್ಯ ಅಂಡಮಾನಿನ ಮಾಯಾಬಂದರ್ ಕಡೆಯ, ಬರ್ಮಾ ಮೂಲದ ಕರೆನ್ ಸಮುದಾಯದವರು, ನನ್ನನ್ನು ಗದರಿಸಲಿಲ್ಲ. ಮುಂದಿನ ಗೂಡು ಸಿಕ್ಕ ರಾತ್ರಿ ಪಕ್ಕದಲ್ಲಿ ಕೂತು, "ಮೇಲಿನ ಮೈ ಮೇಲೇ ಇರಬೇಕು, ಎಣ್ಣೆ ದೀಪ ಹಿಡಿದವರಂತೆ ನಡೆ" ಎಂದರು. ಅಂದಿನಿಂದ ಮೊಟ್ಟೆಗಳು ಬೀಳುತ್ತಿರುವಾಗಲೇ ಗುಂಡಿಯೊಳಗೆ ಚೀಲ ಹಿಡಿದು, ಗಂಟೆಯೊಳಗೆ, ಮೂಲ ಗೂಡಿನಷ್ಟೇ ಆಳದ ಹೂಜಿಯಾಕಾರದ ಗುಂಡಿಗೆ ಸೇರಿಸುತ್ತೇನೆ. ಸಾಧ್ಯವಿದ್ದರೆ ಮುಟ್ಟದೇ ಇರುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನು ಮರಳಿನ ಶಾಖವೇ ನಿರ್ಧರಿಸುವುದರಿಂದ, ಜಾಗ ಬದಲಿಸಿದರೆ ಅದನ್ನೂ ನಾವು ಬದಲಿಸಿದಂತಾಗುತ್ತದೆ.

ನಾಯಿಗಳ ಕಾಟ ಇದಕ್ಕಿಂತ ಹಠಮಾರಿ. ಉಡ ಒಂದು ಗೂಡು ಕೆದಕುತ್ತದೆ. ಮನುಷ್ಯರ ಹಿಂದೆ ದ್ವೀಪಕ್ಕೆ ಬಂದು ಕಾಡುಬಿದ್ದ ನಾಯಿಗಳ ಹಿಂಡು ಒಂದೇ ರಾತ್ರಿಯಲ್ಲಿ ಹಲವು ಗೂಡುಗಳನ್ನು ಬರಿದು ಮಾಡುತ್ತದೆ. ಗೂಡಿನ ಮೇಲೆ ಬಲೆ ಹಾಸಿ ಅಂಚುಗಳನ್ನು ಆಳಕ್ಕೆ ಹೂತೆವು. ಮೊದಲು ತಂದ ಬಲೆಯ ಕಣ್ಣು ಸಣ್ಣದಾಗಿತ್ತು. ಮರಿಗಳ ಉದ್ದನೆಯ ಮುಂಗಾಲು ಸಿಕ್ಕಿಕೊಳ್ಳುವುದನ್ನು ಕಂಡು, ಮರಿ ಸಲೀಸಾಗಿ ದಾಟುವಂಥ ಬಲೆಗೆ ಬದಲಿಸಿದೆವು. ಆದರೂ ನಾಯಿಗಳು ನಮ್ಮ ಸುತ್ತಲೇ ಏಕೆ ಸುಳಿಯುತ್ತವೆಂದು ಯೋಚಿಸಲು ನನಗೆ ಬಹಳ ಕಾಲ ಹಿಡಿಯಿತು. ನಮ್ಮ ಅಡುಗೆಯ ಮೀನಿನ ಮುಳ್ಳು, ಅನ್ನದ ಅಗುಳು ಎಲ್ಲವೂ ಶಿಬಿರದ ಹಿಂದಿನ ಮರಳಿನ ಮೇಲೇ ಬೀಳುತ್ತಿದ್ದವು. ಈಗ ಅವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಸಿ, ವಾರಕ್ಕೊಮ್ಮೆ ಡೋಂಗಿ (ಸಣ್ಣ ದೋಣಿ) ದ್ವೀಪದ ಮುಖ್ಯ ಊರಾದ ಹಟ್ ಬೇಗೆ ಹೋಗುವಾಗ ಅದರಲ್ಲೇ ಕಳಿಸುತ್ತೇವೆ.